ಗೆಡ್, ಫ್ರೋಡೋ, ಹ್ಯಾರಿ: ನನ್ನ ಓಟು ಗೆಡ್‌ಗೆ

ಫ್ಯಾಂಟಸಿ ಕಾದಂಬರಿಗಳಲ್ಲಿ ಓದಿ ಮುಗಿಸಿದ ಕೂಡಲೇ ನಾನು ಮತ್ತೆ ಮೊದಲ ಪುಟಕ್ಕೆ ಹೋದದ್ದು ಒಂದೇ ಪುಸ್ತಕದಲ್ಲಿ. ಅದು ಉರ್ಸುಲಾ ಲೆ ಗ್ವಿನ್ ಅವರ, 1968ರಲ್ಲಿ ಬಂದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ಗೆಡ್ ಅದರ ನಾಯಕ. ಫ್ರೋಡೋ ನಾಯಕನಾಗಿರುವ, ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ ಅದಕ್ಕಿಂತ ಒಂದೇ ಹೆಜ್ಜೆ ಹಿಂದೆ. ಹ್ಯಾರಿ ಪಾಟರ್ ಮೇಲೆ ಪ್ರೀತಿ ಇದೆ, ಆದರೆ ಮೂರನೇ ಜಾಗ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ, ನೌಕರಿ ವಿಜಯಪುರದಲ್ಲಿ. ಓದೆಲ್ಲ ಬಸ್ಸಿನಲ್ಲೇ. ಆಫೀಸಿನ ಹಿರಿಯರೊಬ್ಬರು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ, “ಏನ್ರೀ, ಇನ್ನೂ ಮಾಂತ್ರಿಕರ ಕಥಿ ಓದ್ತೀರಿ? ಇದರಾಗ ಸಾಹಿತ್ಯ ಎಲ್ಲೈತಿ?” ಅಂದರು. ಮನೆಗೆ ಬಂದರೆ ಅಣ್ಣನ ಮಗಳದ್ದು ಬೇರೆಯೇ ತಕರಾರು: “ಕಾಕಾ, ಹ್ಯಾರಿಗಿಂತ ದೊಡ್ಡ ಹೀರೋ ಯಾರದಾರ ಹೇಳ್ರಿ ನೋಡೋಣು.” ಇಬ್ಬರಿಗೂ ಉತ್ತರ ಕೊಡಬೇಕು ಅಂತಲೇ ಮೂರನ್ನೂ ಬೆನ್ನುಬೆನ್ನಿಗೆ ಓದಿದೆ.

ನಾನು ನೋಡುವುದು ಇಷ್ಟೇ. ಕಥೆಯಿಂದ ಮಂತ್ರ, ಡ್ರ್ಯಾಗನ್, ಉಂಗುರ ಎಲ್ಲ ತೆಗೆದುಬಿಡಿ. ಆಮೇಲೆ ಉಳಿಯುವ ಮನುಷ್ಯ ನಮಗೆ ಗುರುತು ಸಿಗುವವನಾ? ತಾನು ಮಾಡಿದ್ದಕ್ಕೆ ತಾನೇ ಬೆಲೆ ತೆರುತ್ತಾನಾ? ಇದೆರಡೂ ಇದ್ದರೆ ಅದು ಸಾಹಿತ್ಯ. ಯಾವ ಕಪಾಟಿನಲ್ಲಿ ಇಟ್ಟಿದ್ದಾರೆ ಅನ್ನುವುದು ಅಂಗಡಿಯವರ ಅನುಕೂಲ.

ಗೆಡ್ ಹುಟ್ಟಿದ್ದು ಗಾಂಟ್ ಅನ್ನುವ ದ್ವೀಪದ ಗುಡ್ಡದ ಹಳ್ಳಿಯಲ್ಲಿ. ತಾಯಿ ಇಲ್ಲ, ಅಪ್ಪ ಕಮ್ಮಾರ. ಆಡು ಕಾಯುವ ಹುಡುಗ. ಅವನ ಚಿಕ್ಕಮ್ಮ ಒಮ್ಮೆ ಛಾವಣಿ ಹತ್ತಿದ ಆಡನ್ನು ಏನೋ ಮಾತು ಹೇಳಿ ಕೆಳಗಿಳಿಸುತ್ತಾಳೆ. ಹುಡುಗ ಅದನ್ನು ಕೇಳಿಸಿಕೊಂಡು, ಮರುದಿನ ಮೇವಿನ ಜಾಗದಲ್ಲಿ ಸುಮ್ನೆ ಕೂಗಿ ನೋಡುತ್ತಾನೆ. ಆಡುಗಳು ಬರುತ್ತವೆ. ಇನ್ನೊಮ್ಮೆ ಕೂಗುತ್ತಾನೆ, ಇನ್ನೂ ಹತ್ತಿರ ಬರುತ್ತವೆ. ಸುತ್ತ ಒತ್ತಿಕೊಂಡು ನಿಂತು ಅವನನ್ನೇ ನೋಡುತ್ತವೆ, ಸದ್ದಿಲ್ಲ. ಅವನಿಗೆ ಹೆದರಿಕೆಯಾಗಿ ಓಡಿದರೆ ಅವೂ ಮೈಗೆ ಅಂಟಿಕೊಂಡೇ ಓಡುತ್ತವೆ. ಕರೆಯಲು ಬಂತು, ಬಿಡಿಸಿಕೊಳ್ಳಲು ಬರಲಿಲ್ಲ. ಇಡೀ ಕಾದಂಬರಿ ಈ ಒಂದು ದೃಶ್ಯದಲ್ಲೇ ಇದೆ, ಅದೂ ಶುರುವಿನ ಕೆಲವೇ ಪುಟಗಳಲ್ಲಿ. ಮಂತ್ರ ಇಲ್ಲದಿದ್ದರೂ ಆ ಹುಡುಗನ ಹೆದರಿಕೆ ನಮಗೆ ಗೊತ್ತಿರುವುದೇ ಅಲ್ವಾ?

ಮುಂದೆ ಒಗಿಯಾನ್ ಅನ್ನುವ ಗುರು ಸಿಗುತ್ತಾನೆ. ಮಳೆ ಬಂದರೆ ಬೇರೆ ಮಾಂತ್ರಿಕರು ಮಂತ್ರ ಹಾಕಿ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಒಗಿಯಾನ್ ಸರಿಸುವುದಿಲ್ಲ. ಮರದ ಕೆಳಗೆ ಮಲಗುತ್ತಾನೆ. ಶಿಷ್ಯ ಪೊದೆಯಲ್ಲಿ ನೆನೆಯುತ್ತಾ, ಶಕ್ತಿ ಇದ್ದೂ ಬಳಸದ ಗುರು ಎಂಥವನು ಅಂತ ಸಿಟ್ಟಾಗುತ್ತಾನೆ. ಆಮೇಲೆ ರೋಕ್ ದ್ವೀಪದ ಶಾಲೆಯಲ್ಲಿ ಅವನಿಗೆ ಹೇಳಿಕೊಡುವುದೂ ಇದನ್ನೇ: ಒಂದು ದ್ವೀಪಕ್ಕೆ ಮಳೆ ಎಳೆದರೆ ಇನ್ನೊಂದು ದ್ವೀಪಕ್ಕೆ ಬರ ಬೀಳಬಹುದು. ಆಲಮಟ್ಟಿ ಕಂಡ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಡೆ ಹೊಲಕ್ಕೆ ನೀರು ಬಂತು, ಇನ್ನೊಂದು ಕಡೆ ಮನೆ, ಗುಡಿ, ತೋಟ ಹಿನ್ನೀರಿಗೆ ಹೋದವು. ನಾವು ನವನಗರದಲ್ಲಿರುವುದೇ ಹಾಗಾಗಿ. ಬಸ್ಸು ಕೊಲ್ಹಾರದ ಸೇತುವೆ ಮೇಲೆ ಹೋಗುವಾಗ ನಾನು ಈ ಪುಟ ಓದಿದ್ದೇನೆ. ಎರಡೂ ಕಡೆ ಕಣ್ಣು ಹಾಯಿಸಿದಷ್ಟೂ ನೀರು.

ಅದೇ ಶಾಲೆಯಲ್ಲಿ ಗೆಡ್ ಒಣ ಜಂಬಕ್ಕೆ, ಒಬ್ಬ ಸಹಪಾಠಿ ಕೆಣಕಿದ ಅಂತ, ಸತ್ತವರನ್ನು ಕರೆಯಲು ಹೋಗುತ್ತಾನೆ. ಜೊತೆಗೆ ಒಂದು ಕರಿ ನೆರಳು ಹೊರಗೆ ಬರುತ್ತದೆ. ಅದು ಬಂದ ಬಾಗಿಲು ಮುಚ್ಚಲು ಹೋಗಿ ಶಾಲೆಯ ಹಿರಿಯ ಗುರು ಸಾಯುತ್ತಾನೆ. ಉಳಿದ ಕಥೆ ಪೂರ್ತಿ ಆ ನೆರಳಿನದ್ದೇ. ಇಲ್ಲಿ ರಾಕ್ಷಸರ ದಂಡಿಲ್ಲ, ಮಹಾಯುದ್ಧವಿಲ್ಲ. ಮೊದಲು ಅದರಿಂದ ಓಡುತ್ತಾನೆ. ಆಮೇಲೆ ತಿರುಗಿ ನಿಂತು ತಾನೇ ಅದನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಕೊನೆ ಹೇಳುವುದಿಲ್ಲ, ಓದಿ.

ನಾಯಕ ಅಂದರೆ ಒಳ್ಳೆಯವನಾಗಿರಬೇಕು ಅನ್ನುವುದು ಆಫೀಸಿನ ಹಿರಿಯರ ವಾದ. ನಾನು ಅವರಿಗೆ ನಮ್ಮ ಬೈಲಹೊಂಗಲ ಕಡೆಯ ಜನಪದ ನಾಟಕ ಸಂಗ್ಯಾ ಬಾಳ್ಯಾ ನೆನಪಿಸಿದೆ. ಸಂಗ್ಯಾ ಗೆಳೆಯನ ಹೆಂಡತಿ ಮೇಲೆ ಮನಸ್ಸಿಟ್ಟವನು. ತಪ್ಪು ಅವನದೇ, ಸಾವೂ ಅವನದೇ. ಆದರೂ ಜನ ಬೆಳತನಕ ಕೂತು ನೋಡುತ್ತಾರೆ, ಕಣ್ಣೀರು ಹಾಕುತ್ತಾರೆ. ಅದನ್ನು ಸಣ್ಣಾಟ ಅಂತ ಕರೆದರೂ ಸಣ್ಣದು ಅಂತ ಯಾರೂ ಅನ್ನುವುದಿಲ್ಲ. ಗೆಡ್‌ನ ಕಥೆಯನ್ನೂ ಹಾಗೇ ನೋಡಿ ಅಂದೆ. ಅವರು ಸುಮ್ಮನಾಗಲಿಲ್ಲ, ಆದರೆ ಪುಸ್ತಕ ಇಸಿದುಕೊಂಡರು.

ಇನ್ನು ಲಾರ್ಡ್ ಆಫ್ ದ ರಿಂಗ್ಸ್. ಕೇಡಿನ ಉಂಗುರವೊಂದನ್ನು ನಾಶ ಮಾಡಲು ಹೊರಟ ಫ್ರೋಡೋನ ಕಥೆ ಇದು. ಇದರ ಒಂದು ಗೋಳು ಹೇಳಲೇಬೇಕು. ಬೆಳಗಾವಿಗೆ ಮದುವೆಗೆ ಹೋದಾಗ ಅಲ್ಲಿನ ಒಂದು ಅಂಗಡಿಯಲ್ಲಿ ಮೂರೂ ಭಾಗ ಒಟ್ಟಿಗಿರುವ ದಪ್ಪ ಪ್ರತಿ ಕೊಂಡೆ. ಪ್ಲಾಸ್ಟಿಕ್ ಸುತ್ತಿತ್ತು, ಬಿಚ್ಚಿ ನೋಡಲು ಬಿಡಲಿಲ್ಲ. ಮನೆಗೆ ಬಂದು ಹೆಸರು, ತಾರೀಖು ಬರೆದು ಓದಲು ಶುರು ಮಾಡಿದೆ. ಉಂಗುರವನ್ನು ಏನು ಮಾಡಬೇಕು ಅಂತ ಎಲ್ರಾಂಡ್‌ನ ಸಭೆ ನಡೆಯುವ ಅಧ್ಯಾಯಕ್ಕೆ ಬಂದರೆ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿಯುವ ಪುಟಗಳ ಕಟ್ಟು, ಎರಡು ಸಲ ಹೊಲಿದಿದ್ದಾರೆ, ಅದರ ಮುಂದಿನದು ಇಲ್ಲವೇ ಇಲ್ಲ. ಓದಿದ ಪುಟಗಳೇ ಮತ್ತೆ ಬಂದವು, ಆಮೇಲೆ ಮಾತಿನ ನಡುವೆ ಎಲ್ಲಿಗೋ ಹಾರಿತು. ಫೋನ್ ಮಾಡಿದರೆ, ಹೆಸರು ಬರೆದ ಪುಸ್ತಕ ವಾಪಸ್ ತಗೊಳ್ಳಲ್ಲ ಅಂದರು. ಹೆಸರು ಬರೆದದ್ದಕ್ಕೂ ಫಾರಂ ಬಿಟ್ಟುಹೋದದ್ದಕ್ಕೂ ಏನು ಸಂಬಂಧ? ತುಂಬಾ ಬೇಜಾರಾಯಿತು. ಇಷ್ಟು ದುಡ್ಡು ಹಾಕಿ ಕೊಳ್ಳುವ ಪುಸ್ತಕ ವರ್ಷಕ್ಕೆ ಒಂದೋ ಎರಡೋ.

ಬೇರೆ ಪುಸ್ತಕವಾಗಿದ್ದರೆ ಆ ಪುಟ ಬಿಟ್ಟು ಮುಂದೆ ಹೋಗಬಹುದಿತ್ತು. ಇದರಲ್ಲಿ ಆಗಲಿಲ್ಲ. ಉಂಗುರ ಮೊದಲು ಇಟ್ಟುಕೊಂಡಿದ್ದ, ಅದರ ಆಸೆ ಬಿಡದ ಗಾಲಮ್, ಎಲ್ಫ್ ಅನ್ನುವ ಜನರ ಸೆರೆಯಲ್ಲಿದ್ದಾನೆ ಅಂತ ಮೊದಲೇ ಓದಿದ್ದೆ. ಅವನು ತಪ್ಪಿಸಿಕೊಂಡ ಸುದ್ದಿ ಬರುವುದು ಈ ಸಭೆಯಲ್ಲಿ, ನನ್ನ ಪ್ರತಿಯಲ್ಲಿ ಇಲ್ಲದ ಪುಟದಲ್ಲಿ. ಹಾಗಾಗಿ ಮೋರಿಯಾ ಗಣಿಯ ಕತ್ತಲಲ್ಲಿ ಫ್ರೋಡೋಗೆ ಹಿಂದೆ ಬರುವ ಹೆಜ್ಜೆ ಸದ್ದು ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಮಾಂತ್ರಿಕ ಗ್ಯಾಂಡಾಲ್ಫ್ ಅಷ್ಟು ದಿನ ಯಾಕೆ ಬರಲಿಲ್ಲ, ಇನ್ನೊಬ್ಬ ಮಾಂತ್ರಿಕ ಸಾರುಮಾನ್ ಹೇಗೆ ಮೋಸ ಮಾಡಿದ ಅನ್ನುವ ಮಾತೂ ಅಲ್ಲಿಂದಲೇ ಶುರು. ಕೊನೆಗೆ ಅಣ್ಣನ ಮಗಳು ತನ್ನ ಗೆಳತಿಯ ಪ್ರತಿ ತಂದುಕೊಟ್ಟಳು. ಆ ಪುಟಗಳನ್ನು ಅದರಲ್ಲೇ ಓದಿದೆ.

ಆದರೆ ಟೋಲ್ಕಿನ್ ಎಷ್ಟು ದೊಡ್ಡ ಕಸುಬುದಾರ ಅನ್ನುವುದು ನನಗೆ ತಿಳಿದದ್ದೂ ಆಗಲೇ. ಸಭೆ ಬಹಳ ಉದ್ದ, ಬರೀ ಮಾತು, ಹೆಸರುಗಳ ರಾಶಿ, ಅಂತ ಜನ ಬೈಯುವ ಅಧ್ಯಾಯ ಅದು. ಅದರಲ್ಲಿ ಒಂದು ಹಿಡಿ ಪುಟ ಕಿತ್ತರೆ ಮುಂದಿನ ನೂರಾರು ಪುಟ ಕುಂಟುತ್ತವೆ. ಹಾಗೆ ಹೆಣೆದ ಪುಸ್ತಕವನ್ನು ಹುಡುಗರ ಕಥೆ ಅಂದರೆ ನಾನು ಒಪ್ಪುವುದಿಲ್ಲ.

ಫ್ರೋಡೋ ಬಗ್ಗೆಯೂ ಎರಡು ಮಾತಿಲ್ಲ. ಉಂಗುರವನ್ನು ಬೆಂಕಿಗೆ ಹಾಕಬೇಕಾದ ಜಾಗಕ್ಕೆ ಜೀವ ತೇಯ್ದು ಹೋಗಿ, ಅಲ್ಲಿ ನಿಂತು, ಹಾಕಲ್ಲ, ಇದು ನನ್ನದು ಅನ್ನುತ್ತಾನೆ. ನಾಯಕ ಸೋತ. ಕೆಲಸ ಆಗುವುದು ಗಾಲಮ್‌ನಿಂದ. ಅವನನ್ನು ಮೊದಲು ಕೊಲ್ಲದೆ ಬಿಟ್ಟದ್ದಕ್ಕೆ ಅದು ಆಗುತ್ತದೆ. ಗೆದ್ದು ಊರಿಗೆ ಬಂದ ಮೇಲೂ ಫ್ರೋಡೋನ ಗಾಯ ಮಾಯುವುದಿಲ್ಲ. ಟೋಲ್ಕಿನ್ ಮೊದಲ ಮಹಾಯುದ್ಧದಲ್ಲಿ, 1916ರ ಸೋಮ್ ಕದನದಲ್ಲಿ ಇದ್ದವರು. ಯುದ್ಧದಿಂದ ಮನೆಗೆ ಬಂದವನಿಗೆ ಮನೆ ಸಿಗುವುದಿಲ್ಲ ಅನ್ನುವುದನ್ನು ಅವರು ಕೇಳಿ ಬರೆದಿಲ್ಲ.

ಹಾಗಾದರೆ ಯಾಕೆ ಎರಡನೇ ಜಾಗ? ಫ್ರೋಡೋ ಹೊತ್ತದ್ದು ಬೇರೆಯವರು ಮಾಡಿದ ಕೇಡು. ಗೆಡ್ ಹೊತ್ತದ್ದು ತಾನೇ ಮಾಡಿದ ಕೇಡು. ನನಗೆ ಎರಡನೆಯದು ಜಾಸ್ತಿ ತಟ್ಟುತ್ತದೆ.

ಹ್ಯಾರಿಗೆ ಬರೋಣ. ಓದಿಸಿಕೊಂಡು ಹೋಗುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. 1997ರಿಂದ 2007ರವರೆಗೆ ಏಳು ಪುಸ್ತಕ, ಮೊದಲ ಪುಸ್ತಕದ ಸಣ್ಣ ವಸ್ತು ಕೊನೆಯ ಪುಸ್ತಕದಲ್ಲಿ ಕೆಲಸಕ್ಕೆ ಬರುತ್ತದೆ. ಹ್ಯಾರಿಯ ಸಹಪಾಠಿ ನೆವಿಲ್, ಮೇಷ್ಟ್ರು ಸ್ನೇಪ್ ಇಬ್ಬರೂ ನಿಜವಾದ ಪಾತ್ರಗಳು. ಆದರೆ ಇಲ್ಲಿ ಮಂತ್ರಕ್ಕೆ ಖರ್ಚೇ ಇಲ್ಲ. ಕೋಲು ಬೀಸಿದರೆ ಆಯಿತು, ಯಾವ ಊರಿಗೂ ಬರ ಬೀಳುವುದಿಲ್ಲ.

ನನ್ನ ದೊಡ್ಡ ತಕರಾರು ಐದನೇ ಪುಸ್ತಕದ್ದು. ಹ್ಯಾರಿಯ ಅವಸರದಿಂದ, ಅವನಿಗೆ ತಂದೆಯ ಹಾಗಿದ್ದ ಸಿರಿಯಸ್ ಸಾಯುತ್ತಾನೆ. ಹುಡುಗ ಕೊಠಡಿಯ ಸಾಮಾನು ಒಡೆದು ಕೂಗಾಡುವ ಆ ಅಧ್ಯಾಯ ಅದ್ಭುತ. ಅಷ್ಟರಲ್ಲಿ ಶಾಲೆಯ ಹೆಡ್‌ಮಾಸ್ಟರ್ ಡಂಬಲ್‌ಡೋರ್, ತಪ್ಪು ನನ್ನದು ಅಂತ ಎಲ್ಲ ತನ್ನ ಮೇಲೆ ಹಾಕಿಕೊಂಡು, ಪುಟಗಟ್ಟಲೆ ವಿವರಿಸುತ್ತಾನೆ. ಹ್ಯಾರಿಯೇ ಒದ್ದಾಡಿ ಕಂಡುಕೊಳ್ಳಬೇಕಾದದ್ದನ್ನು ಹಿರಿಯರು ಹೇಳಿಬಿಟ್ಟರು. ಗೆಡ್‌ನ ತಪ್ಪನ್ನು ಹಾಗೆ ತಮ್ಮ ಮೇಲೆ ಹಾಕಿಕೊಳ್ಳುವವರು ಯಾರೂ ಇಲ್ಲ. ಇದನ್ನು ಅಣ್ಣನ ಮಗಳಿಗೆ ಹೇಳಿದರೆ, “ಹದಿನೈದು ವರ್ಷದ ಹುಡುಗಗ ಯಾರರ ಸಮಾಧಾನ ಮಾಡಬಾರದೇನ್ರಿ ಕಾಕಾ?” ಅಂದಳು. ಮಾಡಬೇಕು, ನಿಜ. ಕಾದಂಬರಿಕಾರರು ಸ್ವಲ್ಪ ತಡೆಯಬಹುದಿತ್ತು.

ಅರ್ಥ್‌ಸೀಯ ಇನ್ನೊಂದು ವಿಷಯ: ಗೆಡ್‌ನದ್ದು ತಾಮ್ರಗಂದು ಬಣ್ಣ. ಎಷ್ಟೋ ಮುಖಪುಟಗಳಲ್ಲಿ ಅವನನ್ನು ಬಿಳಿಯನಾಗಿ ಬರೆದರು, ಲೆ ಗ್ವಿನ್ ಅದರ ವಿರುದ್ಧ ಕೊನೆಯವರೆಗೂ ಮಾತಾಡಿದರು.

ಬೇರೆ ಫ್ಯಾಂಟಸಿಗಳನ್ನು ಯಾಕೆ ಎಣಿಸಲಿಲ್ಲ ಅಂದರೆ, ಜಾರ್ಜ್ ಮಾರ್ಟಿನ್ ಅವರ ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ಐದನೇ ಪುಸ್ತಕ ಬಂದದ್ದು 2011ರಲ್ಲಿ. ಮುಗಿಯದ ಸರಣಿಗೆ ನಾನು ದುಡ್ಡು ಹಾಕುವುದಿಲ್ಲ. ಅಮೀಶ್ ಅವರ ‘ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹಾ’ ಕಾದಂಬರಿಯಲ್ಲಿ ಕಲ್ಪನೆ ದೊಡ್ಡದು, ವಾಕ್ಯಗಳು ತೆಳು.

ನನ್ನಂತೆ ಬಸ್ಸಿನಲ್ಲಿ ಓದುವವರು, ತಿಂಗಳಿಗೆ ಒಂದೇ ಪುಸ್ತಕ ಕೊಳ್ಳುವವರು ಅರ್ಥ್‌ಸೀಯಿಂದ ಶುರು ಮಾಡಿ. ಸುಮಾರು 200 ಪುಟ, ಚೀಲದಲ್ಲಿ ಹಿಡಿಯುತ್ತದೆ, ಕಥೆ ಒಂದರಲ್ಲೇ ಮುಗಿಯುತ್ತದೆ. ಆಮೇಲೆ ಅದರ ಮುಂದಿನ ಪುಸ್ತಕ ‘ದ ಟೂಂಬ್ಸ್ ಆಫ್ ಅಟುವಾನ್’ ಓದಿ, ಅದರಲ್ಲಿ ಟೆನಾರ್ ಅನ್ನುವ ಹುಡುಗಿಯೇ ಮುಖ್ಯ. ಮನೆಯಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳಿದ್ದರೆ ಹ್ಯಾರಿಯ ಮೊದಲ ಪುಸ್ತಕ ಕೊಡಿಸಿ, ಬೇರೆ ಯೋಚನೆ ಬೇಡ. ರಜೆ ಇದ್ದಾಗ, ಮೇಜಿನ ಮೇಲಿಟ್ಟು ಓದುವುದಾದರೆ ಟೋಲ್ಕಿನ್. ಆದರೆ ಒಂದೇ ದಪ್ಪ ಪ್ರತಿ ಬೇಡ, 1954–55ರಲ್ಲಿ ಮೊದಲು ಬಂದ ಹಾಗೆ ಮೂರು ಬಿಡಿ ಸಂಪುಟ ಕೊಳ್ಳಿ. ಪ್ಲಾಸ್ಟಿಕ್ ಅಂಗಡಿಯಲ್ಲೇ ಬಿಚ್ಚಿಸಿ, ಪುಟಸಂಖ್ಯೆ ಸಾಲಾಗಿದೆಯಾ ನೋಡಿ, ಆಮೇಲೆ ದುಡ್ಡು ಕೊಡಿ.