ಸೀಲಿಂಗ್ ಹ್ಯಾಂಗರ್: ಪೈಪಿನ ಬಗ್ಗೆ ದೂರಿಲ್ಲ, ತಕರಾರೆಲ್ಲ ಹಗ್ಗದ್ದು

ಹಗ್ಗ ಎಳೆದರೆ ಮೇಲೇರುವ, ಬಿಟ್ಟರೆ ಕೆಳಗಿಳಿಯುವ, ಬಟ್ಟೆ ಒಣಹಾಕೋ ಸ್ಟೀಲ್ ಪೈಪಿನ ಹ್ಯಾಂಗರ್ ನಮ್ಮ ತುಮಕೂರಿನ ಬಾಡಿಗೆ ಮನೆಗೆ ಬಂದು ಒಂದೆರಡು ಮಳೆಗಾಲ ಆಯ್ತು. ಅಳತೆ, ಪೈಪಿನ ಲೆಕ್ಕ ಎಲ್ಲ ಅಂಗಡಿಯವರೇ ಹೇಳ್ತಾರೆ. ಅವರು ಹೇಳದೇ ಇರೋದು ಹಗ್ಗದ ವಿಷಯ.

ತಾರಸಿ ಇದೆ, ಆದರೆ ಮನೇಲಿ ಇಬ್ಬರೂ ಕೆಲಸಕ್ಕೆ ಹೋಗೋರು. ನಮ್ಮ ಕಡೆ ಜೋರು ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಬಹುಪಾಲು ಮಧ್ಯಾಹ್ನ ಕಳೆದ ಮೇಲೆ ಗುಡುಗಿನ ಜೊತೆ. ಬಿಸಿಲು ನಂಬಿ ಒಣಹಾಕಿ ಹೋದರೆ ಸಂಜೆ ಮತ್ತೆ ಹಿಂಡಬೇಕು. ಮಡಚುವ ಸ್ಟ್ಯಾಂಡ್ ಮೊದಲು ಇತ್ತು. ಹಾಲ್‌ನಲ್ಲಿ ಬಿಚ್ಚಿಟ್ಟರೆ ಓಡಾಡೋಕೆ ಜಾಗ ಇಲ್ಲ, ಪ್ಲಾಸ್ಟಿಕ್ ಕೀಲು ಬೇರೆ ಮುರೀತು. ಡ್ರೈಯರ್ ಮೆಷೀನು 2,000 ವ್ಯಾಟ್ ಆಸುಪಾಸು ಕರೆಂಟ್ ಎಳೆಯುತ್ತೆ ಅಂತ ತಿಳಿದ ಮೇಲೆ ಆ ಮಾತು ಅಲ್ಲಿಗೇ ಬಿಟ್ಟೆವು. ಓನರ್ ಆಂಟಿ ಸೂರಿಗೆ ಡ್ರಿಲ್ ಮಾಡೋಕೆ ಒಪ್ಪಿದರು, ಯುಟಿಲಿಟಿಯಲ್ಲಿ ಹಾಕಿಸಿದೆವು.

"ಬಾವಿ ರಾಟೆ ಇದ್ದಂಗೈತಲ್ಲೇ," ಅಂತ ಅತ್ತೆ ನಕ್ಕರು. ಅವರಿಗೆ ಭುಜದ ನೋವು, ಕೈ ಮೇಲೆತ್ತಿ ತಂತಿಗೆ ಬಟ್ಟೆ ಹಾಕೋಕಾಗಲ್ಲ. ಇದರಲ್ಲಿ ಪೈಪನ್ನು ಎದೆಮಟ್ಟಕ್ಕೆ ಇಳಿಸಿಕೊಂಡು ತಮ್ಮ ಸೀರೆ ತಾವೇ ಹರವುತ್ತಾರೆ. ಕೊಳ್ಳುವಾಗ ನಾನು ಇದನ್ನು ಯೋಚಿಸಿಯೇ ಇರಲಿಲ್ಲ.

ಆದರೆ ಆ ಹಗ್ಗ! ಜೊತೆಗೆ ಬಂದಿದ್ದು ನೈಲಾನ್. "ಅಕ್ಕ, ಲೈಫ್‌ಟೈಮ್ ಹಗ್ಗ," ಅಂದಿದ್ದ ಅಂಗಡಿಯವನು. ನೈಲಾನ್ ಭಾರಕ್ಕೆ ಹಿಗ್ಗುತ್ತೆ, ತೇವ ಹೀರಿದರೆ ಇನ್ನಷ್ಟು ಹಿಗ್ಗುತ್ತೆ. ಒದ್ದೆ ಬಟ್ಟೆಯ ಕೆಳಗೆ ಅದಕ್ಕೆ ಎರಡೂ ಸಿಗುತ್ತೆ. ಪೈಪಿನ ಒಂದು ತುದಿ ಜೋಲುತ್ತೆ, ಬಟ್ಟೆಯೆಲ್ಲ ಜಾರಿ ಆ ಕಡೆ ಗುಡ್ಡೆಯಾಗುತ್ತೆ, ಗುಡ್ಡೆಯಾದದ್ದು ಒಣಗಲ್ಲ. ಬೆಳಗ್ಗೆ ನೋಡಿದರೆ ಮಗನ ಯೂನಿಫಾರ್ಮ್ ಷರ್ಟಿಗೆ ಮುಗ್ಗಲು ವಾಸನೆ. ಬಟ್ಟೆ ಬಹಳ ಹೊತ್ತು ಒದ್ದೆಯಾಗೇ ಇದ್ದರೆ ಬ್ಯಾಕ್ಟೀರಿಯಾ ಬೆಳೆದು ಬರೋ ವಾಸನೆ ಅದು, ಎಷ್ಟು ಕಂಫರ್ಟ್ ಸುರಿದರೂ ಅಡಗಲ್ಲ. ಭಾನುವಾರ ಬಂತೆಂದರೆ ಯಜಮಾನರು ಸ್ಟೂಲ್ ಹತ್ತಿ ಗಂಟು ಬಿಚ್ಚಿ ಕಟ್ಟೋದು, ನಾನು ಕೆಳಗಿಂದ "ಎಡಗಡೆ ಇನ್ನೊಂಚೂರು" ಅನ್ನೋದು. ಕಂಪನಿಗೆ ಫೋನ್ ಮಾಡಿದರೆ ಹಗ್ಗಕ್ಕೆ ವಾರಂಟಿ ಇಲ್ಲವಂತೆ.

ಕೊನೆಗೆ ಮಂಡಿಪೇಟೆಯಲ್ಲಿ ಹೆಣೆದ ಪಾಲಿಯೆಸ್ಟರ್ ಹಗ್ಗ ತಂದು ಎಲ್ಲ ಪೈಪಿಗೂ ಬದಲಾಯಿಸಿದೆವು. ನೈಲಾನ್‌ನಷ್ಟು ಇದು ಹಿಗ್ಗಲ್ಲ. ಅಲ್ಲಿಂದ ಸ್ಟೂಲ್ ಹತ್ತೋ ಕೆಲಸ ಅಪರೂಪ, ನನ್ನ ಸಿಟ್ಟೂ ಇಳಿದಿದೆ.

ಈಗ ರಾತ್ರಿ ಊಟ ಆದ ಮೇಲೆ ಒಣಹಾಕೋದೇ ನನಗೆ ಇಷ್ಟದ ಕೆಲಸ. ಮೆಷೀನಲ್ಲಿ ಇನ್ನೊಂದು ಸಲ ಬರೀ ಸ್ಪಿನ್ ಕೊಡ್ತೀನಿ. ಒಂದೊಂದನ್ನೂ ಜೋರಾಗಿ ಒದರಿ, ಕಾಲರ್ ನೇರ ಮಾಡಿ, ಜೀನ್ಸನ್ನು ಒಳಮಗ್ಗುಲು ತಿರುವಿ ಜೇಬು ಹೊರಗೆಳೆದು ಹಾಕ್ತೀನಿ. ದಪ್ಪದ ಪಕ್ಕ ತೆಳುವಿನದು. ಪಂಚೆಗೆ ಎರಡು ಪೈಪು ಬೇಕು, ಒಂದರ ಮೇಲೇ ಮಡಚಿ ಹಾಕಿದರೆ ಮಡಿಕೆ ಒಣಗಲ್ಲ. ಎಲ್ಲ ಪೈಪನ್ನೂ ಒಂದೇ ಎತ್ತರಕ್ಕೆ ಏರಿಸಬೇಡಿ, ಮೆಟ್ಟಿಲ ಹಾಗೆ ಹೆಚ್ಚುಕಮ್ಮಿ ಇಟ್ಟರೆ ನಡುವೆ ಗಾಳಿ ಆಡುತ್ತೆ.

ಗಾಳಿ ಅಂದರೆ ಸೀಲಿಂಗ್ ಫ್ಯಾನ್ ಅಲ್ಲ. ಅದು ಗಾಳಿಯನ್ನು ಕೆಳಕ್ಕೆ ತಳ್ಳುತ್ತೆ, ರೆಕ್ಕೆಗಿಂತ ಮೇಲಿರೋ ಬಟ್ಟೆಗೆ ಅಷ್ಟಾಗಿ ತಾಗಲ್ಲ. ಹಳೇ ಟೇಬಲ್ ಫ್ಯಾನನ್ನು ಮೇಲ್ಮುಖ ಮಾಡಿ, ಕಿಟಕಿ ತೆಗೆದಿಟ್ಟರೆ ಬೆಳಗ್ಗೆಗೆ ಷರ್ಟು ರೆಡಿ. ಟವೆಲ್ ಮಾತ್ರ ಸೆಟೆದುಕೊಂಡು ನಿಲ್ಲುತ್ತೆ, ನಮ್ಮ ಬೋರ್ ನೀರು ಗಡಸು, ಅದಕ್ಕೆ ಹ್ಯಾಂಗರ್ ಏನು ಮಾಡೀತು.

ಫಿಟ್ಟಿಂಗ್ ಸೇರಿ ನಮಗೆ 2,500 ರೂಪಾಯಿ ಹತ್ತಿರ ಆಯ್ತು, ಆ ದುಡ್ಡಿಗೆ ಮೋಸ ಇಲ್ಲ. ಪಿಓಪಿ ಸೀಲಿಂಗಿಗೆ ಮಾತ್ರ ನೇತುಹಾಕಿಸಬೇಡಿ, ಕಾಂಕ್ರೀಟಿಗೇ ಆಂಕರ್ ಹೊಡೆಸಿ. ರಗ್ಗು, ಕಂಬಳಿ ನಾನು ಇದರ ಮೇಲೆ ಹಾಕಲ್ಲ. ನೀರು ಕುಡಿದ ರಗ್ಗಿನ ಭಾರ ಆ ಪುಟ್ಟ ರಾಟೆಗಳು ತಡೆಯಲ್ಲ, ಅವಕ್ಕೆ ಈಗಲೂ ತಾರಸಿಯೇ.