ಹಳೇ ಪಿಕಪ್‌ಗೆ ಬಾಟಲ್ ಜಾಕೋ, ಟ್ರಾಲಿ ಜಾಕೋ?

ಮಡಿಕೇರಿ ಕಡೆ ತೋಟದ ಹಳೇ ಪಿಕಪ್‌ಗೆ ಯಾವ ಜಾಕ್ ಅಂತ ಕೇಳಿದ್ದೀರಿ. ಬಾಟಲ್ ಜಾಕ್ (ಬಾಟಲಿಯಂತೆ ನೆಟ್ಟಗೆ ನಿಂತು ಗಾಡಿ ಎತ್ತುವ ಆಯಿಲ್ ಜಾಕ್) ಅಗ್ಗ, ಸೀಟಿನ ಹಿಂದೆ ಹಿಡಿಸುತ್ತದೆ. ಆದರೆ ಬುಡ ಚಿಕ್ಕದು. ಜೂನ್ ಮಳೆಗೆ ನೆನೆದ ಮಣ್ಣಲ್ಲಿ ಸೀದಾ ಇಳಿಯುತ್ತದೆ, ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಅಡ್ಡ ಮಲಗಿಸಿಟ್ಟರೆ ಆಯಿಲ್ ಸೋರುವುದೂ ಉಂಟು.

ಟ್ರಾಲಿ ಜಾಕ್‌ನಲ್ಲಿ (ಗಾಲಿ ಮೇಲೆ ಉರುಳಿಸಿ ಗಾಡಿ ಕೆಳಗೆ ತಳ್ಳುವಂಥದ್ದು) ಕೆಲಸ ಬೇಗ. ಭಾರ ಮಾತ್ರ ಜಾಸ್ತಿ, ಗಾಲಿ ಉರುಳಲು ಗಟ್ಟಿ ನೆಲವೂ ಬೇಕು. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಆಯಿತು (ಕೊಯ್ಲಿನ ಕಾಲದಲ್ಲಿ ಯಾರೂ ಬಿಡಲ್ಲ, ಅಲ್ವಾ!). ಎಷ್ಟು ಎತ್ತರಕ್ಕೆ ಏರುತ್ತದೆ ನೋಡಿಯೇ ಕೊಳ್ಳಿ. ಕಾರಿಗೆ ಸಾಕಾಗುವ ಜಾಕ್ ಪಿಕಪ್‌ಗೆ ಸಾಲದಿರಬಹುದು.

ದಾರಿಯಲ್ಲಿ ಪಂಕ್ಚರ್ ಚಿಂತೆಯಾದರೆ ಬಾಟಲ್. ಶೆಡ್‌ನಲ್ಲೇ ಬ್ರೇಕ್ ಬಿಚ್ಚುವವರಾದರೆ ಟ್ರಾಲಿ. ಯಾವುದೇ ಇರಲಿ, ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಗ್ಗಬೇಡಿ. ಎತ್ತಿದ ಗಾಡಿಯ ಭಾರ ಹೊತ್ತು ನಿಲ್ಲುವ ಒಂದು ಜೊತೆ ಸ್ಟ್ಯಾಂಡ್‌ಗೂ ದುಡ್ಡು ತೆಗೆದಿಡಿ.