ಸೊನ್ನೆ ಪದರವೋ, ಏಳು ಪದರವೋ: ಕಡಲ ಮಂಜುಗಡ್ಡೆಯ ಎರಡು ಮಾದರಿಗಳು

ಹವಾಮಾನ ಮಾದರಿಯಲ್ಲಿ ಕಡಲ ಮಂಜುಗಡ್ಡೆಯನ್ನು ಎಷ್ಟು ಸರಳಗೊಳಿಸಿದರೂ ನಡೆದೀತು? ನೋಡೋಣವೆಂದು ಒಂದೇ ಆರ್ಕ್ಟಿಕ್ ದತ್ತಾಂಶವನ್ನು ಎರಡು ಮಾದರಿಗಳಿಗೆ ಕೊಟ್ಟೆ. ಒಂದು, ವಿಜ್ಞಾನಿ ಸೆಮ್ಟ್ನರ್ 1976ರಲ್ಲಿ ಪ್ರಕಟಿಸಿದ ಸೊನ್ನೆ-ಪದರದ್ದು, ಅಂದರೆ ಗಡ್ಡೆಯ ಒಳಗನ್ನು ಪದರಗಳಾಗಿ ಒಡೆಯದೆ ಲೆಕ್ಕ ಹಾಕುವಂಥದ್ದು. ಇನ್ನೊಂದು ಐಸ್‌ಪ್ಯಾಕ್, ಅಂದರೆ ಸಿಐಸಿಇ (CICE) ಎಂಬ ದೊಡ್ಡ ಕಡಲ ಮಂಜುಗಡ್ಡೆ ಮಾದರಿಯಿಂದ ಬಿಡಿಸಿಕೊಂಡ, ಗಡ್ಡೆಯ ಮೇಲಿನಿಂದ ಅಡಿಯವರೆಗಿನ ಲಂಬ ಲೆಕ್ಕಾಚಾರದ ಭಾಗ.

ಮೊದಲನೆಯದನ್ನು ಪೈಥಾನ್‌ನಲ್ಲಿ ನಾನೇ ಬರೆದುಕೊಂಡೆ. ಮೇಲ್ಮೈಗೆ ಬರುವ ಶಾಖ, ಹೋಗುವ ಶಾಖ, ಅಡಿಯ ನೀರಿನಿಂದ ಗಡ್ಡೆಯ ಮೂಲಕ ಮೇಲೇರುವ ಶಾಖ, ಇವಿಷ್ಟನ್ನು ತೂಗಿಸಿದರೆ ಆಯಿತು. ಐಸ್‌ಪ್ಯಾಕ್ ಇರುವುದು ಫೋರ್ಟ್ರಾನ್‌ನಲ್ಲಿ. ಕಂಪೈಲರ್, ದತ್ತಾಂಶದ ಫೈಲುಗಳನ್ನು ಓದುವ ನೆಟ್‌ಸಿಡಿಎಫ್, ಸೆಟ್ಟಿಂಗ್ ಫೈಲು ಎಲ್ಲ ಹದಕ್ಕೆ ಬರುವಷ್ಟರಲ್ಲಿ ಹೈರಾಣಾದೆ. ಓಡತೊಡಗಿದ ಮೇಲೆ ಲ್ಯಾಪ್‌ಟಾಪಿಗೇನೂ ಭಾರವಲ್ಲ.

ಚಳಿಗಾಲದಲ್ಲಿ ಎರಡೂ ಮಾದರಿಗಳ ಗಡ್ಡೆ-ದಪ್ಪದ ಗೆರೆಗಳು ಹೆಚ್ಚುಕಡಿಮೆ ಜೊತೆಗೇ ಸಾಗಿದವು. ದಾರಿ ಬೇರೆಯಾದದ್ದು ಬೇಸಿಗೆಯಲ್ಲಿ. ಸೊನ್ನೆ-ಪದರದ ಗಡ್ಡೆಗೆ ಶಾಖ ಕೂಡಿಡಲು ಜಾಗವೇ ಇಲ್ಲ. ಮೇಲ್ಮೈ ಕರಗುವ ಬಿಂದು ಮುಟ್ಟಿತೋ, ಮಿಕ್ಕ ಶಾಖವೆಲ್ಲ ಕರಗಿಸುವುದಕ್ಕೇ. ನಿಜವಾದ ಗಡ್ಡೆಯೊಳಗೆ ಉಪ್ಪುನೀರಿನ ಸಣ್ಣ ಸಣ್ಣ ಗೂಡುಗಳಿರುತ್ತವೆ. ಒಳಹೊಕ್ಕ ಬಿಸಿಲು ಮೊದಲು ಅವುಗಳ ಅಂಚನ್ನು ಕರಗಿಸುತ್ತದೆ, ಗಡ್ಡೆಯ ದಪ್ಪ ಕೂಡಲೇ ಇಳಿಯುವುದಿಲ್ಲ. ಐಸ್‌ಪ್ಯಾಕ್‌ನ ಏಳು ಪದರಗಳು ಇದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ನನ್ನ ಪುಟ್ಟ ಕೋಡ್ ಬೇಗನೆ ಕರಗಿಸಲು ಶುರುಮಾಡಿ, ಸೆಪ್ಟೆಂಬರಿಗೆ ಗಡ್ಡೆಯನ್ನು ತೀರಾ ತೆಳ್ಳಗಾಗಿಸಿತು. ಋತುವಿನ ಏರಿಳಿತವನ್ನು ಹಿಗ್ಗಿಸಿ ತೋರಿಸುವುದು ಈ ಮಾದರಿಯ ಹಳೆಯ ಚಾಳಿ.

ಆದರೂ ಪದರಗಳಿಗಿಂತ ಹೆಚ್ಚು ಕಾಡಿದ್ದು ಆಲ್ಬೆಡೊ, ಅಂದರೆ ಮೇಲ್ಮೈ ಬಿಸಿಲಿನ ಎಷ್ಟು ಪಾಲನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಅಳತೆ. ಹೊಸ ಹಿಮ ಬಿಸಿಲಿನ ಶೇ. 80ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಗಡ್ಡೆಯ ಮೇಲೆ ನಿಂತ ಕರಗುನೀರಿನ ಕೊಳ ಶೇ. 20ರಿಂದ 40, ತೆರೆದ ಕಡಲು ಶೇ. 10ಕ್ಕೂ ಕಡಿಮೆ. ನನ್ನ ಕೋಡಿನಲ್ಲಿ ಹಿಮಕ್ಕೊಂದು, ಗಡ್ಡೆಗೊಂದು ಅಂಕಿ, ಅಷ್ಟೇ. ಗಡ್ಡೆಯ ಅಂಕಿಯನ್ನು 0.65ರಿಂದ (ಶೇ. 65) 0.60ಕ್ಕೆ ಇಳಿಸಿದ್ದಕ್ಕೇ ಬೇಸಿಗೆಯ ಚಿತ್ರವೆಲ್ಲ ಬದಲಾಯಿತು. ಐಸ್‌ಪ್ಯಾಕ್‌ನ ಡೆಲ್ಟಾ-ಎಡಿಂಗ್ಟನ್ ವಿಧಾನ ಹಿಮಕಣದ ಗಾತ್ರ, ಕೊಳದ ಆಳ ನೋಡಿ ಆಲ್ಬೆಡೊ ಲೆಕ್ಕ ಹಾಕುತ್ತದೆ. ಅಲ್ಲೂ ಕೈಯಾರೆ ಹೊಂದಿಸುವ ಅಂಕಿಗಳು ಇಲ್ಲದಿಲ್ಲ, ಒಳಗೆಲ್ಲೋ ಕೂತಿವೆ. ಭೌತಶಾಸ್ತ್ರ ಹೆಚ್ಚಾದರೆ ಊಹೆ ಕಡಿಮೆಯಾಯಿತೆಂದು ನಾನಂತೂ ನಂಬುವುದಿಲ್ಲ.

ಹಿಮದ ಹೊದಿಕೆ ವಿಷಯದಲ್ಲಿ ಜಗಳವಿಲ್ಲ. ಅದರ ಉಷ್ಣವಾಹಕತೆ ಗಡ್ಡೆಯದರ ಏಳನೇ ಒಂದರಷ್ಟು. ಚಳಿಗೆ ಮುಂಚೆಯೇ ಹಿಮ ದಪ್ಪಗೆ ಬಿದ್ದರೆ ಎರಡರಲ್ಲೂ ಗಡ್ಡೆಯ ಬೆಳವಣಿಗೆ ಕುಂಟುತ್ತದೆ.

ಐಸ್‌ಪ್ಯಾಕ್ ನಿಜಕ್ಕೂ ಗೆಲ್ಲುವುದು ಗಡ್ಡೆಯನ್ನು ದಪ್ಪದ ಮೇಲೆ ಐದು ವರ್ಗಗಳಾಗಿ ವಿಂಗಡಿಸಿ ಲೆಕ್ಕ ಹಾಕುವುದರಲ್ಲಿ. ತೆಳು ಗಡ್ಡೆ ಚಳಿಗೆ ಬೇಗ ಬೆಳೆಯುತ್ತದೆ, ದಪ್ಪದ್ದು ನಿಧಾನ. ಎಲ್ಲಕ್ಕೂ ಒಂದೇ ಸರಾಸರಿ ದಪ್ಪ ಇಟ್ಟರೆ ತೆಳು ಭಾಗಗಳ ಆ ವೇಗ ಲೆಕ್ಕದಿಂದ ಜಾರಿಹೋಗುತ್ತದೆ.

ಕಲಿಯುವುದಕ್ಕೆ, ಶತಮಾನಗಟ್ಟಲೆ ಓಡಿಸಿ ವಾರ್ಷಿಕ ಸರಾಸರಿಯ ಒಲವು ನೋಡುವುದಕ್ಕೆ ಸೆಮ್ಟ್ನರ್ ಸಾಕು. ಸೆಪ್ಟೆಂಬರಿನ ಆರ್ಕ್ಟಿಕ್ ಬಗ್ಗೆ ಏನಾದರೂ ಹೇಳಬೇಕೆಂದಿದ್ದರೆ ಫೋರ್ಟ್ರಾನ್ ಜೊತೆ ಗುದ್ದಾಡಿಯಾದರೂ ಐಸ್‌ಪ್ಯಾಕನ್ನೇ ಹಿಡಿಯಿರಿ.